ಅಪ್‌ಡೇಟ್ ಆದ ಮೇಲೆ ಪವರ್ ಮೆನುವಿನಿಂದ ಹೈಬರ್ನೇಟ್ ಕಾಣೆಯಾದರೆ: ದೋಷ ಪತ್ತೆ ಮತ್ತು ನಿವಾರಣೆ

ವಿಂಡೋಸ್ 10ರಿಂದ 11ಕ್ಕೆ ಏರಿದ ಮೇಲೆ, ಅಥವಾ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಚಾಲೂ ಆದ ಮೇಲೆ, ಸ್ಟಾರ್ಟ್ ಮೆನುವಿನ ಪವರ್ ಗುರುತನ್ನು ಒತ್ತಿದಾಗ ಸ್ಲೀಪ್, ಶಟ್ ಡೌನ್, ರೀಸ್ಟಾರ್ಟ್ ಎಂಬ ಮೂರು ಆಯ್ಕೆಗಳು ಮಾತ್ರ ಕಾಣುತ್ತವೆ. ಹಿಂದಿನ ದಿನದವರೆಗೂ ಅವುಗಳ ಜೊತೆಯಲ್ಲಿದ್ದ ಹೈಬರ್ನೇಟ್ ಇರುವುದಿಲ್ಲ. ಈ ಬರಹದಲ್ಲಿ ವಿವರಿಸುವ ದೋಷ ಇಷ್ಟೇ. ಕಂಪ್ಯೂಟರ್ ಬೇರೆ ಎಲ್ಲ ರೀತಿಯಲ್ಲೂ ಸರಿಯಾಗಿಯೇ ಓಡುತ್ತಿರುತ್ತದೆಯಾದ್ದರಿಂದ ಹೆಚ್ಚಿನವರು ಇದನ್ನು ದೋಷವೆಂದೇ ಎಣಿಸದೆ ಸ್ಲೀಪ್ ಒತ್ತಿ ಎದ್ದುಹೋಗುತ್ತಾರೆ. ಕೊಡಗಿನಲ್ಲಿ ಹಾಗೆ ಮಾಡಿದವರಿಗೆ ಅದರ ಬೆಲೆ ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ ಮಳೆ ಬಿಡದೆ ಹೊಡೆಯುವ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ದಿನಗಳಲ್ಲಿ, ಸಿಲ್ವರ್ ಓಕ್ ಮರದ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ತೋಟದ ಕರೆಂಟು ಹೋಗುತ್ತದೆ. ಎಲ್ಲಿ ಬಿದ್ದಿದೆ ಎಂದು ಲೈನ್‌ಮ್ಯಾನ್ ಕಾಡು, ಗದ್ದೆ ದಾಟಿ ಹುಡುಕುವವರೆಗೆ ಅದು ಬರುವುದಿಲ್ಲ. ತೋಟದ ಕಚೇರಿಯ ಡೆಸ್ಕ್‌ಟಾಪ್‌ಗೆ ಆ ಹೊತ್ತಿನಲ್ಲಿ ಇರುವ ಆಸರೆ ಹತ್ತು ಹದಿನೈದು ನಿಮಿಷ ತಡೆಯುವ ಯುಪಿಎಸ್ ಒಂದೇ. ಆ ಹತ್ತು ನಿಮಿಷದೊಳಗೆ ತೆರೆದಿಟ್ಟ ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ, ಕೂಲಿಯ ಪಟ್ಟಿ), ಕಾಳುಮೆಣಸಿನ ಲೆಕ್ಕ, ಅರ್ಧ ಬರೆದ ಪತ್ರ ಎಲ್ಲವನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಇಳಿಸಿ ಯಂತ್ರವನ್ನು ಪೂರ್ತಿ ಆರಿಸುವ ಆಯ್ಕೆಯೇ ಹೈಬರ್ನೇಟ್.

ಸ್ಲೀಪ್ ಮತ್ತು ಹೈಬರ್ನೇಟ್ ನಡುವಿನ ವ್ಯತ್ಯಾಸವನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಸ್ಲೀಪ್‌ನಲ್ಲಿ ನಾವು ತೆರೆದಿಟ್ಟ ಕೆಲಸ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಉಳಿಯುತ್ತದೆ. ರ‍್ಯಾಮ್‌ಗೆ ಸ್ವಲ್ಪವಾದರೂ ವಿದ್ಯುತ್ ಹರಿಯುತ್ತಲೇ ಇರಬೇಕು, ಇಲ್ಲವಾದರೆ ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿದ್ದುದು ಸಿ ಡ್ರೈವ್‌ನ ಮೂಲದಲ್ಲಿರುವ ಹೈಬರ್‌ಫಿಲ್.ಸಿಸ್ ಎಂಬ ಗುಪ್ತ ಕಡತಕ್ಕೆ ಬರೆಯಲ್ಪಡುತ್ತದೆ, ಆಮೇಲೆ ಪ್ಲಗ್ ಕಿತ್ತಿಟ್ಟರೂ ತೊಂದರೆಯಿಲ್ಲ. ಡೆಸ್ಕ್‌ಟಾಪ್‌ಗಳಲ್ಲಿ ಇವೆರಡರ ನಡುವೆ ಹೈಬ್ರಿಡ್ ಸ್ಲೀಪ್ ಎಂಬ ಮೂರನೆಯದೂ ಇದೆ. ಅದು ಚಾಲೂ ಇರುವ ಯಂತ್ರದಲ್ಲಿ ಸ್ಲೀಪ್ ಒತ್ತಿದರೂ ಡಿಸ್ಕಿನಲ್ಲಿ ಒಂದು ಪ್ರತಿ ಉಳಿಯುವುದರಿಂದ, ನಡುವೆ ವಿದ್ಯುತ್ ಹೋದರೂ ಕೆಲಸ ಮರಳಿ ಸಿಗುತ್ತದೆ. ಆದರೆ ಈ ಹೈಬ್ರಿಡ್ ಸ್ಲೀಪ್ ನಿಂತಿರುವುದೂ ಅದೇ ಹೈಬರ್‌ಫಿಲ್ ಕಡತದ ಮೇಲೆಯೇ. ಹಾಗಾಗಿ ಮೆನುವಿನಿಂದ ಹೈಬರ್ನೇಟ್ ಹೋದಾಗ, ಎಷ್ಟೋ ಸಲ, ಸ್ಲೀಪ್ ಹೆಸರಿನ ಹಿಂದೆ ಇದ್ದ ರಕ್ಷಣೆಯೂ ಸದ್ದಿಲ್ಲದೆ ಹೋಗಿರುತ್ತದೆ. ಹೆಸರು ಮಾತ್ರ ಅದೇ ಇರುತ್ತದೆ. ನನ್ನ ಮಟ್ಟಿಗೆ ಈ ದೋಷದಲ್ಲಿ ಅಪಾಯಕಾರಿಯಾದ ಭಾಗ ಇದೇ.

ಅಪ್‌ಡೇಟಿನ ನಂತರ ಆಯ್ಕೆ ಕಾಣೆಯಾಯಿತೆಂದರೆ ಅಪ್‌ಡೇಟೇ ಅದನ್ನು ತೆಗೆಯಿತೆಂದು ತೀರ್ಮಾನಿಸಿ, ಹಳೆಯ ಆವೃತ್ತಿಗೆ ಮರಳುವುದೋ ವಿಂಡೋಸನ್ನೇ ಹೊಸದಾಗಿ ಹಾಕುವುದೋ ಎಂದು ಜನ ಹೊರಟುಬಿಡುತ್ತಾರೆ. ಅದಕ್ಕೆ ಮೊದಲು ತಿಳಿಯಬೇಕಾದುದು ಒಂದೇ ಸಂಗತಿ: ಮೆನುವಿನಲ್ಲಿ ಹೈಬರ್ನೇಟ್ ಕಾಣಬೇಕಾದರೆ ಎರಡು ಬೇರೆಬೇರೆ ವಿಷಯಗಳು ಕೂಡಿಬರಬೇಕು. ಯಂತ್ರಕ್ಕೆ ಹೈಬರ್ನೇಟ್ ಆಗುವ ಶಕ್ತಿ ಇರಬೇಕು, ಮತ್ತು ಆ ಹೆಸರನ್ನು ಮೆನುವಿನಲ್ಲಿ ತೋರಿಸಲು ಅನುಮತಿ ಇರಬೇಕು. ಶಕ್ತಿ ಇದ್ದು ಅನುಮತಿ ಇಲ್ಲದಿದ್ದರೆ ಒಂದು ಟಿಕ್ ಗುರುತಿನಿಂದ ಕೆಲಸ ಮುಗಿಯುತ್ತದೆ. ಶಕ್ತಿಯೇ ಇಲ್ಲದಿದ್ದರೆ ಟಿಕ್ ಹಾಕಬೇಕಾದ ಚೌಕವೇ ಸಿಗುವುದಿಲ್ಲ, ಮತ್ತು ಅಂತರ್ಜಾಲದಲ್ಲಿ ಸಿಗುವ ರಿಜಿಸ್ಟ್ರಿ (ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ಸಂಗ್ರಹ) ಉಪಾಯಗಳನ್ನು ಎಷ್ಟು ಮಾಡಿದರೂ ಮೆನು ಬದಲಾಗುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆ ಆ ಚೌಕವನ್ನು ನೋಡುವುದು. ಸ್ಟಾರ್ಟ್ ಮೆನುವಿನ ಹುಡುಕುವ ಜಾಗದಲ್ಲಿ ಕಂಟ್ರೋಲ್ ಪ್ಯಾನೆಲ್ ಎಂದು ಟೈಪಿಸಿ ತೆರೆಯಬೇಕು. ಅಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಎಡಬದಿಯಲ್ಲಿರುವ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಎಂಬುದನ್ನು ಒತ್ತಬೇಕು. ತೆರೆದ ಪುಟದ ಕೆಳಭಾಗದಲ್ಲಿ ಶಟ್‌ಡೌನ್ ಸೆಟ್ಟಿಂಗ್ಸ್ ಎಂಬ ಶೀರ್ಷಿಕೆ ಇರುತ್ತದೆ. ಅದರಡಿಯ ಸಾಲುಗಳು ಮೊದಲು ಮಸುಕಾಗಿರುತ್ತವೆ. ಮೇಲೆ ನೀಲಿ ಅಕ್ಷರದಲ್ಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೇಲಬಲ್’ ಎಂಬುದನ್ನು ಒತ್ತಿದ ಮೇಲೆಯೇ ಅವು ಕೈಗೆ ಸಿಗುತ್ತವೆ. ಈ ಒಂದು ಸಾಲನ್ನು ಗಮನಿಸದೆ, ಬದಲಾಯಿಸಲು ಬರುವುದೇ ಇಲ್ಲವೆಂದು ಮರಳಿ ಬಂದವರು ಬಹಳ.

ಇಲ್ಲಿ ಕಾಣುವುದನ್ನು ಅವಸರವಿಲ್ಲದೆ ಓದಿದರೆ ಅರ್ಧ ರೋಗ ತಿಳಿದಂತೆ. ಹೈಬರ್ನೇಟ್ ಎಂಬ ಸಾಲು ಇದ್ದು ಅದರ ಮುಂದೆ ಟಿಕ್ ಇಲ್ಲದಿದ್ದರೆ ಅದೃಷ್ಟ. ಟಿಕ್ ಹಾಕಿ, ಸೇವ್ ಚೇಂಜಸ್ ಒತ್ತಿದರೆ ಆಯ್ಕೆ ಕೂಡಲೇ ಮೆನುವಿಗೆ ಬರುತ್ತದೆ. ಹೊಸ ವಿಂಡೋಸ್‌ಗಳಲ್ಲಿ ಹೈಬರ್ನೇಟ್ ತಾನಾಗಿ ಮೆನುವಿನಲ್ಲಿ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಆದ್ದರಿಂದ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡ ಯಂತ್ರಗಳಲ್ಲಿ ಕಾರಣ ಇದಕ್ಕಿಂತ ಹೆಚ್ಚಿನದಾಗಿರುವುದು ಕಡಿಮೆ. ಆ ಸಾಲೇ ಇಲ್ಲದಿದ್ದರೆ ಅದರ ನೆರೆಯ ಸಾಲನ್ನು ನೋಡಬೇಕು. ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ (ಯಂತ್ರ ಬೇಗ ಚಾಲೂ ಆಗುವ ಏರ್ಪಾಟು) ಎಂಬುದೂ ಇಲ್ಲದಿದ್ದರೆ ಹೈಬರ್ನೇಷನ್ ಪೂರ್ತಿಯಾಗಿ ಆರಿದೆ ಎಂದರ್ಥ, ಏಕೆಂದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೈಬರ್‌ಫಿಲ್ ಕಡತದಿಂದಲೇ ನಡೆಯುತ್ತದೆ. ಫಾಸ್ಟ್ ಸ್ಟಾರ್ಟಪ್ ಇದ್ದು ಹೈಬರ್ನೇಟ್ ಮಾತ್ರ ಇಲ್ಲದಿದ್ದರೆ, ಕಡತ ಇದೆ, ಆದರೆ ಗಾತ್ರದಲ್ಲಿ ಮೊಟಕುಗೊಂಡಿದೆ. ಸ್ಲೀಪ್ ಕೂಡ ಇಲ್ಲವೆಂದರೆ ಪರದೆಯನ್ನು ನಡೆಸುವ ತಂತ್ರಾಂಶವಾದ ಡಿಸ್‌ಪ್ಲೇ ಡ್ರೈವರ್ ಮೇಲೆ ಸಂಶಯಪಡಬೇಕು.

ಈ ಸಂಶಯವನ್ನು ಖಚಿತ ಮಾಡಿಕೊಳ್ಳಲು ಯಂತ್ರವನ್ನೇ ಕೇಳುವ ಒಂದು ಆಜ್ಞೆ ಇದೆ: ಪವರ್‌ಸಿಎಫ್‌ಜಿ /ಎ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ ಅಡ್ಮಿನ್ ಎಂದು ಬರೆದಿರುವ ಟರ್ಮಿನಲ್ ಅನ್ನು ತೆರೆದು ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು. ಪವರ್ ಎಂಬ ಪದ, ಅದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳು, ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕೆ ಅಂಟಿಕೊಂಡು ಎ. ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ.

ಸೋಮವಾರಪೇಟೆ ಕಡೆಯ ಒಂದು ತೋಟದ ರೈಟರು (ಲೆಕ್ಕಪತ್ರ ನೋಡುವ ಗುಮಾಸ್ತರು) ಮುಂಗಾರು ಹಿಡಿದ ವಾರದಲ್ಲಿ ಫೋನ್ ಮಾಡಿದ್ದರು. ಮಾರನೆಯ ದಿನ ಬಟವಾಡೆ. ಚೆಕ್‌ರೋಲ್ ತೆರೆದಿಟ್ಟು ಕೂಲಿ ಲೆಕ್ಕ ಹಾಕುತ್ತಿದ್ದಾಗ ಕರೆಂಟು ಹೋಗಿದೆ, ಹಳೆಯ ಅಭ್ಯಾಸದಂತೆ ಪವರ್ ಮೆನು ತೆರೆದರೆ ಹೈಬರ್ನೇಟ್ ಇಲ್ಲ, ಸ್ಲೀಪ್ ಒತ್ತಿ ಮನೆಗೆ ಹೋಗಿದ್ದಾರೆ. ಯುಪಿಎಸ್ ಆರಿದೆ. ಬೆಳಿಗ್ಗೆ ಯಂತ್ರ ಹೊಸದಾಗಿ ಶುರುವಾಗಿ, ಸೇವ್ ಮಾಡದ ಎರಡು ಗಂಟೆಗಳ ಲೆಕ್ಕ ಹೋಗಿದೆ. ಜಡಿಮಳೆಯ ಸದ್ದಿನ ನಡುವೆ ಫೋನಿನಲ್ಲೇ ಆಜ್ಞೆ ಹೇಳಿದೆ. “ಗುರುತಿಲ್ಲದ ಆಜ್ಞೆ ಅಂತ ಬರ್ತಾ ಇದೆ ಸಾರ್” ಎಂದರು. ಒಂದೊಂದೇ ಅಕ್ಷರ ಓದಿಸಿದಾಗ, ಸಿಎಫ್‌ಜಿ ಎಂಬುದನ್ನು ಅವರು ಕಾನ್ಫಿಗ್ ಎಂದು ಪೂರ್ತಿ ಟೈಪಿಸಿರುವುದು ತಿಳಿಯಿತು. ಅದು ಸರಿಯಾದ ಮೇಲೆ ಓರೆಗೆರೆ ತಪ್ಪಿತು. “ರೈಟರೇ, ಪ್ರಶ್ನೆ ಗುರುತು ಇರುವ ಕೀಲಿಯನ್ನು ಶಿಫ್ಟ್ ಒತ್ತದೆ ಹೊಡೆಯಿರಿ, ಎಂಟರ್ ಕೀಲಿಯ ಹತ್ತಿರದ್ದು ಬೇಡ” ಎಂದ ಮೇಲೆ ಪಟ್ಟಿ ಬಂತು. ಅಂದಿನಿಂದ ಫೋನಿನಲ್ಲಿ ಆ ಗೆರೆಯನ್ನು ಸ್ಲ್ಯಾಶ್ ಎಂದು ಕರೆಯುವುದನ್ನು ನಾನು ಬಿಟ್ಟಿದ್ದೇನೆ.

ಆಜ್ಞೆಯ ಉತ್ತರ ಎರಡು ಭಾಗಗಳಲ್ಲಿರುತ್ತದೆ. ಮೇಲಿನದು ಈ ಯಂತ್ರದಲ್ಲಿ ಲಭ್ಯವಿರುವ ಸ್ಥಿತಿಗಳು, ಕೆಳಗಿನದು ಲಭ್ಯವಿಲ್ಲದವು. ಕೆಳಗಿನ ಭಾಗದಲ್ಲಿ ಪ್ರತಿಯೊಂದರ ಅಡಿಯಲ್ಲೂ ಕಾರಣ ಬರೆದಿರುತ್ತದೆ. ಅಲ್ಲಿ ಸ್ಟ್ಯಾಂಡ್‌ಬೈ ಎಸ್1, ಎಸ್2 ಎಂಬವಕ್ಕೆ ಸಿಸ್ಟಮ್ ಫರ್ಮ್‌ವೇರ್ ಬೆಂಬಲವಿಲ್ಲ ಎಂಬ ಸಾಲು ಕಂಡರೆ ಗಾಬರಿ ಬೇಡ. ಇಂದಿನ ಹೆಚ್ಚಿನ ಯಂತ್ರಗಳಲ್ಲಿ ಅದು ಸಹಜ. ಹೈಬರ್ನೇಟ್ ಎಂಬ ಹೆಸರು ಯಾವ ಭಾಗದಲ್ಲಿದೆ, ಕೆಳಗಿನದರಲ್ಲಿದ್ದರೆ ಅದರಡಿ ಏನು ಬರೆದಿದೆ ಎಂಬುದಷ್ಟೇ ನಮಗೆ ಬೇಕು.

‘ಹೈಬರ್ನೇಷನ್ ಹ್ಯಾಸ್ ನಾಟ್ ಬೀನ್ ಎನೇಬಲ್ಡ್’ ಎಂದಿದ್ದರೆ ಯಾರೋ ಅದನ್ನು ಆರಿಸಿದ್ದಾರೆ. ಡಿಸ್ಕಿನಲ್ಲಿ ಜಾಗ ಮಾಡಿಕೊಡುತ್ತೇವೆಂದು ಹೇಳುವ ಸಲಹೆಗಳಲ್ಲಿ ಹೈಬರ್‌ಫಿಲ್ ಕಡತವನ್ನು ತೆಗೆಯುವುದು ಮೊದಲ ಸಾಲಿನಲ್ಲೇ ಇರುತ್ತದೆ; ದೊಡ್ಡ ಅಪ್‌ಡೇಟಿಗೆ ಜಾಗ ಸಾಲದೆ ಬಂದಾಗ ಅದನ್ನು ಮಾಡಿ ಮರೆತಿರುವ ಸಾಧ್ಯತೆಯೇ ಹೆಚ್ಚು. ಅದೇ ಟರ್ಮಿನಲ್‌ನಲ್ಲಿ ಪವರ್‌ಸಿಎಫ್‌ಜಿ /ಹೈಬರ್ನೇಟ್ ಆನ್ ಎಂದು ಕೊಟ್ಟರೆ ಸಾಕು. ಯಶಸ್ವಿಯಾದರೆ ಅದು ಏನನ್ನೂ ಹೇಳದೆ ಮುಂದಿನ ಸಾಲಿಗೆ ಬರುತ್ತದೆ, ಮೌನವೇ ಒಪ್ಪಿಗೆ. ಅನುಮತಿ ಇಲ್ಲವೆಂಬ ಅರ್ಥದ ಸಂದೇಶ ಬಂದರೆ ಟರ್ಮಿನಲ್ಲನ್ನು ಅಡ್ಮಿನ್ ಆಗಿ ತೆರೆದಿಲ್ಲವೆಂದು ತಿಳಿಯಬೇಕು: ಪಟ್ಟಿ ನೋಡುವುದನ್ನು ಯಾರು ಬೇಕಾದರೂ ಮಾಡಬಹುದು, ಬದಲಾಯಿಸಲು ಮಾತ್ರ ಆ ಅಧಿಕಾರ ಬೇಕು. ಜಾಗವಿಲ್ಲವೆಂದು ಬಂದರೆ ಸಿ ಡ್ರೈವ್‌ನಲ್ಲೇ ಜಾಗ ಮಾಡಬೇಕು. ಡಿ ಡ್ರೈವ್ ಖಾಲಿ ಇದ್ದರೂ ಈ ಕಡತವನ್ನು ಅಲ್ಲಿಗೆ ಸಾಗಿಸುವಂತಿಲ್ಲ. ದೊಡ್ಡ ಅಪ್‌ಡೇಟಿನ ನಂತರ ಹಳೆಯ ವಿಂಡೋಸ್ ಒಂದು ಫೋಲ್ಡರಿನಲ್ಲಿ ಹಲವು ಜಿಬಿ ಹಿಡಿದು ಕುಳಿತಿರುತ್ತದೆ, ಸಾಮಾನ್ಯವಾಗಿ 10 ದಿನಗಳಾದ ಮೇಲೆ ತಾನಾಗಿಯೇ ಅಳಿಯುತ್ತದೆ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿರುವ ಟೆಂಪರರಿ ಫೈಲ್ಸ್ ಮೂಲಕ ಮೊದಲೇ ಅಳಿಸಬಹುದು, ಆದರೆ ಹಾಗೆ ಅಳಿಸಿದ ಮೇಲೆ ಹಿಂದಿನ ಆವೃತ್ತಿಗೆ ಮರಳುವ ದಾರಿ ಮುಚ್ಚುತ್ತದೆ. ಹೊಸ ಆವೃತ್ತಿಯಲ್ಲಿ ಪ್ರಿಂಟರ್, ಲೆಕ್ಕದ ಸಾಫ್ಟ್‌ವೇರ್ ಎಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಿಕೊಂಡ ನಂತರವೇ ಅದಕ್ಕೆ ಕೈ ಹಾಕುವುದು ಒಳ್ಳೆಯದು.

ರೈಟರು ಅಂದು ಓದಿ ಹೇಳಿದ ಸಾಲು ಇದಾಗಿರಲಿಲ್ಲ. ಅವರ ಪರದೆಯ ಮೇಲೆ ಬಂದದ್ದು ‘ದ ಹೈಬರ್‌ಫೈಲ್ ಟೈಪ್ ಡಸ್ ನಾಟ್ ಸಪೋರ್ಟ್ ಹೈಬರ್ನೇಷನ್’ ಎಂಬುದು. ಅವರು ಅದಾಗಲೇ ತಮಗೆ ಗೊತ್ತಿದ್ದ ಯಾರಿಂದಲೋ ಹೈಬರ್ನೇಟ್ ಆನ್ ಆಜ್ಞೆಯನ್ನು ಎರಡು ಸಲ ಕೊಡಿಸಿದ್ದರು, ಎರಡು ಸಲವೂ ದೋಷವೇನೂ ತೋರದೆ ಒಪ್ಪಿಕೊಂಡಿತ್ತು, ಮೆನು ಮಾತ್ರ ಬದಲಾಗಿರಲಿಲ್ಲ. ಈ ಸ್ಥಿತಿಯಲ್ಲೇ ಜನ ದಿಕ್ಕು ತಪ್ಪುವುದು. ಹೈಬರ್‌ಫಿಲ್ ಕಡತಕ್ಕೆ ಎರಡು ಬಗೆಗಳಿವೆ: ಫುಲ್ ಮತ್ತು ರೆಡ್ಯೂಸ್ಡ್. ಫುಲ್ ಎಂಬುದು ರ‍್ಯಾಮ್‌ನ ಸುಮಾರು ಶೇಕಡಾ 40ರಷ್ಟು ದೊಡ್ಡದಾಗಿರುತ್ತದೆ ಮತ್ತು ತೆರೆದಿಟ್ಟ ಎಲ್ಲ ಕೆಲಸವನ್ನೂ ಹಿಡಿಸುತ್ತದೆ. ರೆಡ್ಯೂಸ್ಡ್ ಸುಮಾರು ಶೇಕಡಾ 20ರಷ್ಟು; ಅದರಲ್ಲಿ ಫಾಸ್ಟ್ ಸ್ಟಾರ್ಟಪ್‌ಗೆ ಬೇಕಾದ ವಿಂಡೋಸಿನ ಒಳಭಾಗ ಮಾತ್ರ ಹಿಡಿಸುತ್ತದೆ, ಬಳಕೆದಾರರು ತೆರೆದಿಟ್ಟ ಚೆಕ್‌ರೋಲಿಗೆ ಅದರಲ್ಲಿ ಜಾಗವಿಲ್ಲ. ಕಡತ ರೆಡ್ಯೂಸ್ಡ್ ಆಗಿರುವಾಗ ಹೈಬರ್ನೇಷನ್ ಆನ್ ಆಗಿಯೇ ಇರುತ್ತದೆ, ಆದ್ದರಿಂದ ಆನ್ ಮಾಡು ಎಂದರೆ ಯಂತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಹೈಬರ್ನೇಟ್ ಆಗು ಎನ್ನಲು ಮಾತ್ರ ಬರುವುದಿಲ್ಲ.

ಆ ಯಂತ್ರವನ್ನು ಚಳಿಗಾಲದಲ್ಲಿ ವಿಂಡೋಸ್ 11ಕ್ಕೆ ಏರಿಸಲಾಗಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಾದ್ದರಿಂದ ಇಂಥ ಏರಿಕೆಗಳು ಎಲ್ಲ ಕಡೆಯೂ ನಡೆದಿವೆ. 128 ಜಿಬಿಯ ಎಸ್‌ಎಸ್‌ಡಿ, ಅದರ ಬಹುಪಾಲು ತುಂಬಿತ್ತು. ಏರಿಸಿಕೊಟ್ಟವರು ಜಾಗ ಉಳಿಸಲು ಕಡತವನ್ನು ರೆಡ್ಯೂಸ್ಡ್ ಮಾಡಿ, ಹೇಳದೆ ಹೋಗಿದ್ದರು. ರ‍್ಯಾಮ್ 8 ಜಿಬಿ. ಫುಲ್ ಆದರೆ ಸುಮಾರು 3.2 ಜಿಬಿ, ರೆಡ್ಯೂಸ್ಡ್ ಆದರೆ 1.6 ಜಿಬಿ. ಉಳಿತಾಯ ಒಂದೂವರೆ ಜಿಬಿ ಚಿಲ್ಲರೆ, ಫೋನಿನಿಂದ ಇಳಿಸಿಟ್ಟ ನಾಲ್ಕಾರು ವಿಡಿಯೋಗಳಷ್ಟು. ಕೊಯ್ಲು ಮುಗಿದು, ಹೂಮಳೆ ಬಂದು, ಬೇಸಿಗೆ ಕಳೆಯುವವರೆಗೂ ಅದು ಯಾರ ಗಮನಕ್ಕೂ ಬರಲಿಲ್ಲ. ಕಾರಣ ನವೀಕರಣವಲ್ಲ, ನವೀಕರಣದ ದಿನ ಮಾಡಿದ ಬೇರೊಂದು ಕೆಲಸ. ಇಂಥ ದೂರುಗಳಲ್ಲಿ ಆ ದಿನ ಇನ್ನೇನೇನು ಮಾಡಲಾಯಿತು ಎಂದು ಕೇಳುವುದನ್ನು ನಾನು ಮರೆಯುವುದಿಲ್ಲ.

ಪರಿಹಾರ ಒಂದೇ ಸಾಲು: ಪವರ್‌ಸಿಎಫ್‌ಜಿ /ಹೈಬರ್ನೇಟ್ /ಟೈಪ್ ಫುಲ್. ಇದನ್ನು ಕೊಟ್ಟ ಮೇಲೆ ಮತ್ತೆ /ಎ ಆಜ್ಞೆ ಕೊಟ್ಟು, ಹೈಬರ್ನೇಟ್ ಮೇಲಿನ ಭಾಗಕ್ಕೆ ಬಂದಿದೆಯೇ ಎಂದು ನೋಡಬೇಕು. ಡೆಸ್ಕ್‌ಟಾಪ್ ಆದರೆ ಅದರ ಜೊತೆಗೆ ಹೈಬ್ರಿಡ್ ಸ್ಲೀಪ್ ಕೂಡ ಮೇಲೆ ಬಂದಿರುವುದನ್ನು ಸಾಮಾನ್ಯವಾಗಿ ಕಾಣಬಹುದು. ನಂತರ ಕಂಟ್ರೋಲ್ ಪ್ಯಾನೆಲ್‌ನ ಅದೇ ಪುಟಕ್ಕೆ ಮರಳಿದರೆ, ಮೊದಲು ಇಲ್ಲದಿದ್ದ ಹೈಬರ್ನೇಟ್ ಸಾಲು ಇರುತ್ತದೆ. ಟಿಕ್ ಹಾಕುವುದು ಆಮೇಲಿನ ಮಾತು. ಪುಟವನ್ನು ತೆರೆದಿಟ್ಟುಕೊಂಡೇ ಆಜ್ಞೆ ಕೊಟ್ಟಿದ್ದರೆ ಅದನ್ನು ಮುಚ್ಚಿ ಮತ್ತೆ ತೆರೆಯಬೇಕು.

ಡ್ರೈವರಿನ ಪ್ರಕರಣ ಇದಕ್ಕಿಂತ ವಿರಳ, ಆದರೆ ಅದರ ಲಕ್ಷಣ ಎದ್ದು ಕಾಣುತ್ತದೆ. ಹೈಬರ್ನೇಟ್ ಮತ್ತು ಸ್ಲೀಪ್ ಎರಡೂ ಹೋಗಿರುತ್ತವೆ, ಪರದೆಯ ಮೇಲಿನ ಅಕ್ಷರಗಳು ಹಿಗ್ಗಿದಂತೆ ಅಥವಾ ಮಸುಕಾದಂತೆ ಕಾಣುತ್ತವೆ, ಮತ್ತು /ಎ ಆಜ್ಞೆಯ ಉತ್ತರದಲ್ಲಿ ಯಂತ್ರದ ಒಳಗಿನ ಯಾವುದೋ ಘಟಕ ಈ ಸ್ಥಿತಿಯನ್ನು ತಡೆದಿದೆ ಎಂಬರ್ಥದ ಸಾಲು ಇರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದನ್ನು ಬಿಡಿಸಿದಾಗ ಅಲ್ಲಿ ಗ್ರಾಫಿಕ್ಸ್ ಚಿಪ್ಪಿನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಕಾರಣ ಸಿಕ್ಕಂತೆ. ಹೊಸ ಆವೃತ್ತಿಗೆ ಹಳೆಯ ಡ್ರೈವರ್ ಹೊಂದದೆ ವಿಂಡೋಸ್ ತನ್ನ ತಾತ್ಕಾಲಿಕ ಡ್ರೈವರಿನಿಂದ ಕೆಲಸ ಸಾಗಿಸುತ್ತಿದೆ, ಆ ಡ್ರೈವರಿಗೆ ಪರದೆಯನ್ನು ಮಲಗಿಸಿ ಎಬ್ಬಿಸುವ ಕೆಲಸ ಬರುವುದಿಲ್ಲ. ಕಂಪ್ಯೂಟರ್ ಅಥವಾ ಚಿಪ್ ತಯಾರಕರ ತಾಣದಿಂದ ಆ ಮಾದರಿಯ ಡ್ರೈವರನ್ನೇ ಇಳಿಸಿ ಹಾಕಿ, ರೀಸ್ಟಾರ್ಟ್ ಮಾಡಬೇಕು. ಇಲ್ಲಿ ರೀಸ್ಟಾರ್ಟ್ ಎಂದರೆ ರೀಸ್ಟಾರ್ಟೇ. ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರದಲ್ಲಿ ಶಟ್ ಡೌನ್ ಮಾಡಿ ಮತ್ತೆ ಹಚ್ಚಿದರೆ ವಿಂಡೋಸಿನ ಒಳಭಾಗ ಹೊಸದಾಗಿ ಏಳುವುದಿಲ್ಲ, ಉಳಿಸಿಟ್ಟ ಪ್ರತಿಯಿಂದಲೇ ಏಳುತ್ತದೆ. ಎಲ್ಲ ಡ್ರೈವರುಗಳನ್ನೂ ಹುಡುಕಿ ಕೊಡುತ್ತೇವೆನ್ನುವ ಉಚಿತ ತಂತ್ರಾಂಶಗಳ ಗೊಡವೆ ಬೇಡ.

/ಎ ಆಜ್ಞೆ ಹೈಬರ್ನೇಟ್ ಲಭ್ಯವಿದೆ ಎನ್ನುತ್ತಿದ್ದರೂ, ಟಿಕ್ ಹಾಕಿದರೂ ಮೆನುವಿನಲ್ಲಿ ಬಾರದಿದ್ದರೆ ಉಳಿಯುವುದು ಗ್ರೂಪ್ ಪಾಲಿಸಿ, ಅಂದರೆ ಯಂತ್ರದಲ್ಲಿ ಏನಿರಬೇಕು, ಏನಿರಬಾರದು ಎಂದು ಹೇಳುವ ನಿಯಮಗಳು. ವಿಂಡೋಸಿನ ಪ್ರೋ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಸಂಪಾದಕವನ್ನು ತೆರೆದು, ಕಂಪ್ಯೂಟರ್ ಕಾನ್ಫಿಗರೇಷನ್‌ನ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಫೈಲ್ ಎಕ್ಸ್‌ಪ್ಲೋರರ್ ಎಂಬ ದಾರಿಯಲ್ಲಿ ಹೋದರೆ ‘ಶೋ ಹೈಬರ್ನೇಟ್ ಇನ್ ದ ಪವರ್ ಆಪ್ಷನ್ಸ್ ಮೆನು’ ಎಂಬ ನಿಯಮ ಸಿಗುತ್ತದೆ. ಅದು ಡಿಸೇಬಲ್ಡ್ ಎಂದಿದ್ದರೆ ನಾಟ್ ಕಾನ್ಫಿಗರ್ಡ್‌ಗೆ ತಂದರೆ ಸಾಕು, ಎನೇಬಲ್ಡ್ ಮಾಡಬೇಕಾಗಿಲ್ಲ. ಆಗ ಕಂಟ್ರೋಲ್ ಪ್ಯಾನೆಲ್‌ನ ಟಿಕ್ ಗುರುತಿಗೆ ಮತ್ತೆ ಬೆಲೆ ಬರುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಸಂಪಾದಕವೇ ಇಲ್ಲ. ಸಹಕಾರ ಸಂಘ, ಶಾಲೆ, ಬ್ಯಾಂಕಿನಂತಹ ಕಡೆ ಯಂತ್ರಗಳನ್ನು ಕೇಂದ್ರದಿಂದ ನಿಯಂತ್ರಿಸುತ್ತಿದ್ದರೆ ಇದನ್ನು ನಾವು ಬದಲಾಯಿಸಿದರೂ ನಿಲ್ಲುವುದಿಲ್ಲ, ಅಲ್ಲಿನ ತಾಂತ್ರಿಕ ವಿಭಾಗಕ್ಕೆ ಹೇಳುವುದೇ ಸರಿ. ಪವರ್ ಮೆನುವಿನಲ್ಲಿ ಯಾವ ಆಯ್ಕೆಯೂ ಇಲ್ಲವೆಂಬ ಸಂದೇಶ ಬರುತ್ತಿದ್ದರೆ ಅದೂ ಪಾಲಿಸಿಯ ಕೆಲಸವೇ, ಆದರೆ ಬೇರೆ ನಿಯಮದ್ದು.

ಆಯ್ಕೆ ಮೆನುವಿಗೆ ಮರಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಹೈಬರ್ನೇಟ್ ಇಲ್ಲದಿದ್ದ ಅವಧಿಯಲ್ಲಿ ಅದನ್ನು ನಂಬಿಕೊಂಡಿದ್ದ ಬೇರೆ ಸೆಟ್ಟಿಂಗುಗಳು ಬದಲಾಗಿರಬಹುದು. ಲ್ಯಾಪ್‌ಟಾಪ್‌ನಲ್ಲಿ, ಮತ್ತು ಯುಎಸ್‌ಬಿ ಕೇಬಲ್ ಮೂಲಕ ಯುಪಿಎಸ್ ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ, ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಒಳಗೆ ಬ್ಯಾಟರಿ ಎಂಬ ವಿಭಾಗವಿರುತ್ತದೆ. ಅದರಲ್ಲಿ ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್ ಎಂಬುದನ್ನು ಹೈಬರ್ನೇಟ್ ಎಂದು ಮತ್ತೆ ಆರಿಸಬೇಕು. ಆಗ ಬ್ಯಾಟರಿ ಮುಗಿಯುವ ಹಂತ ಬಂದಾಗ ಯಾರೂ ಇಲ್ಲದಿದ್ದರೂ ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳುತ್ತದೆ. ಆ ಕೇಬಲ್ ಬಹಳಷ್ಟು ಕಡೆ ಯುಪಿಎಸ್ ಬಂದ ಡಬ್ಬಿಯಲ್ಲೇ ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ. ಮನೆಯ ಇನ್ವರ್ಟರಿಗೆ ಕಂಪ್ಯೂಟರಿನೊಂದಿಗೆ ಮಾತಾಡುವ ಇಂಥ ದಾರಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಇನ್ವರ್ಟರ್ ನಂಬಿದವರು ತಾವೇ ಎದ್ದು ಹೈಬರ್ನೇಟ್ ಮಾಡಬೇಕು.

ಪರೀಕ್ಷೆಯನ್ನು ಕರೆಂಟು ಇರುವಾಗಲೇ, ಮಹತ್ವದ ಕೆಲಸವೆಲ್ಲವನ್ನೂ ಸೇವ್ ಮಾಡಿಟ್ಟು ನಡೆಸಬೇಕು. ನೋಟ್‌ಪ್ಯಾಡ್‌ಗಿಂತ ವರ್ಡ್ ಅಥವಾ ಎಕ್ಸೆಲ್ ಮೇಲು, ಏಕೆಂದರೆ ಈಚಿನ ನೋಟ್‌ಪ್ಯಾಡ್ ಸೇವ್ ಮಾಡದ ಬರಹವನ್ನೂ ತಾನಾಗಿ ನೆನಪಿಟ್ಟುಕೊಂಡು ನಮ್ಮನ್ನು ಮೋಸಗೊಳಿಸಬಹುದು. ಹೊಸ ಹಾಳೆಯೊಂದರಲ್ಲಿ ಅಂದಿನ ಮಳೆ ಎಷ್ಟು ಇಂಚು ಎಂದು ಬರೆದು, ಸೇವ್ ಮಾಡದೆ, ಪವರ್ ಮೆನುವಿನಿಂದ ಹೈಬರ್ನೇಟ್ ಒತ್ತಬೇಕು. ಪರದೆ ಕಪ್ಪಾದ ಮೇಲೂ ಕೆಲವು ಸೆಕೆಂಡು ಡಿಸ್ಕಿನ ದೀಪ ಮಿನುಗುತ್ತಿರುತ್ತದೆ. ಅದೂ ಆರಿ, ಒಳಗಿನ ಫ್ಯಾನ್ ನಿಂತ ಮೇಲೆ ಗೋಡೆಯ ಸ್ವಿಚ್ಚನ್ನೂ ಯುಪಿಎಸ್ಸನ್ನೂ ಆರಿಸಿ ಒಂದು ನಿಮಿಷ ಬಿಡಬೇಕು. ಮತ್ತೆ ಹಚ್ಚಿದಾಗ ಲಾಗಿನ್ ಆದ ಕೂಡಲೇ ಆ ಹಾಳೆ ಅದೇ ಜಾಗದಲ್ಲಿ ತೆರೆದಿದ್ದರೆ ಹೈಬರ್ನೇಟ್ ನಿಜವಾಗಿ ಮರಳಿದೆ. ಮಲಗಿಸಿದ ಯಂತ್ರ ತಾನಾಗಿ ಎದ್ದುಬಿಡುತ್ತಿದ್ದರೆ ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್ ಎಂಬ ಆಜ್ಞೆ ಕೊನೆಯ ಸಲ ಎಬ್ಬಿಸಿದ್ದು ಯಾವುದೆಂದು ಹೇಳುತ್ತದೆ.

ಇನ್ನೊಂದು ಸಣ್ಣ ಏರ್ಪಾಟನ್ನು ಅದೇ ಕಂಟ್ರೋಲ್ ಪ್ಯಾನೆಲ್ ಪುಟದಲ್ಲಿ ಮಾಡಿಡುವುದುಂಟು. ಮೇಲ್ಭಾಗದಲ್ಲಿರುವ ‘ವೆನ್ ಐ ಪ್ರೆಸ್ ದ ಪವರ್ ಬಟನ್’ ಎಂಬುದಕ್ಕೆ ಹೈಬರ್ನೇಟ್ ಎಂದು ಕೊಟ್ಟರೆ, ಕ್ಯಾಬಿನೆಟ್ಟಿನ ಗುಂಡಿ ಒತ್ತಿದರೂ ಯಂತ್ರ ಹೈಬರ್ನೇಟ್ ಆಗುತ್ತದೆ. ಕೆಲವು ಕಚೇರಿಗಳಲ್ಲಿ ಮಾನಿಟರನ್ನು ಯುಪಿಎಸ್‌ಗೆ ಜೋಡಿಸಿರುವುದಿಲ್ಲ. ಕರೆಂಟು ಹೋದೊಡನೆ ಪರದೆ ಆರುತ್ತದೆ, ಮೆನು ಇದ್ದರೂ ಕಾಣುವುದಿಲ್ಲ. ಗುಂಡಿಯನ್ನು ಹೀಗೆ ಹೊಂದಿಸಿದ ಮೇಲೆ ಉಳಿದ ಎಚ್ಚರಿಕೆ ಒಂದೇ: ಅದನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಏನನ್ನೂ ಉಳಿಸದೆ ಬಲವಂತವಾಗಿ ಆರುತ್ತದೆ. ರೈಟರು ಗುಂಡಿಯ ಕೆಳಗೆ ‘ಒಮ್ಮೆ ಒತ್ತಿ ಕೈ ತೆಗೆಯಿರಿ’ ಎಂದು ಬರೆದ ಚೀಟಿ ಅಂಟಿಸಿ, ಮಳೆಗಾಲದ ತೇವಕ್ಕೆ ಏಳದಿರಲೆಂದು ಅದರ ಮೇಲೆ ಸೆಲ್ಲೋಟೇಪ್ ಹಾಕಿದ್ದಾರೆ.